ಉಗುರುಬೆಚ್ಚಗಿನ ನೀರು

"ನೀರು ಹಾಕೋವಾಗ ಉಸಿರಾಡ್ತಿತ್ತಾ ಸಿಸ್ಟರ್?"

ಮಂಪರು ಇಳಿದು ಕಣ್ಣು ಬಿಟ್ಟ ಬಾಣಂತಿ ಕೇಳಿದ ಮೊದಲ ಮಾತು ಇದು. ಮಗು ಹೋಯಿತೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಪಕ್ಕದ ತೊಟ್ಟಿಲು ಖಾಲಿ ಇದ್ದುದನ್ನು ನೋಡಿಯೇ ತಿಳಿದುಕೊಂಡಿದ್ದಳು. ಡ್ರಿಪ್ಪಿನ ಬಾಟಲಿ ಬದಲಿಸುತ್ತಿದ್ದ ನರ್ಸಮ್ಮ ತಿರುಗಿ ನೋಡದೆ, "ಆಡ್ತಿತ್ತಮ್ಮ. ಉಸಿರು ಇರೋವಾಗ್ಲೇ ಹಾಕ್ದೆ," ಎಂದಳು. ಬಾಣಂತಿ ಸೂಜಿ ಚುಚ್ಚಿದ್ದ ಕೈಯಲ್ಲೇ ಹಣೆ, ಎದೆ, ಭುಜ ಮುಟ್ಟಿಕೊಂಡು ಶಿಲುಬೆಯ ಗುರುತು ಹಾಕಿಕೊಂಡಳು. "ಹಾಗಾದ್ರೆ ದೇವರ ಹತ್ರ ಹೋಗಿದೆ ಬಿಡಿ," ಎಂದಳು. ಆಮೇಲೆ ಅತ್ತಳು.

ಹೇಳಿದ್ದು ಹಸಿ ಸುಳ್ಳು. ಹೇಳಿದವಳು ಯಾರು? ಮೂವತ್ತು ವರ್ಷದ ಸರ್ವೀಸಿನಲ್ಲಿ ಇಂಜೆಕ್ಷನ್ ಕೊಡುವಾಗ ಒಂದು ದಿನವೂ 'ನೋವಾಗಲ್ಲ' ಎಂದವಳಲ್ಲ. 'ನೋಯುತ್ತೆ, ತಡ್ಕೋ' ಎಂದೇ ಚುಚ್ಚುವವಳು. 'ಹರಿಶ್ಚಂದ್ರನ ಅಕ್ಕ ಬಂದ್ಲು' ಎಂದು ವಾರ್ಡಿನವರೆಲ್ಲ ಆಡಿಕೊಳ್ಳುತ್ತಿದ್ದರು. ಅಂಥವಳ ನಾಲಿಗೆ ಅವತ್ತು ತಡವರಿಸಲೂ ಇಲ್ಲ.

ನಡೆದದ್ದು ಇಷ್ಟು. ಏಳು ತಿಂಗಳು ತುಂಬುವ ಮೊದಲೇ ನೋವು ಶುರುವಾಗಿತ್ತು. ಆಪರೇಷನ್ನಿಗೆ ಒಳಗೆ ತಳ್ಳಿಕೊಂಡು ಹೋಗುವಾಗ ಆಕೆ ನರ್ಸಮ್ಮನ ಕೊರಳಿನ ಶಿಲುಬೆ ನೋಡಿ ಕೈ ಹಿಡಿದುಕೊಂಡಳು. "ಹೆಚ್ಚುಕಡಿಮೆ ಆದ್ರೆ ನೀವೇ ಜ್ಞಾನಸ್ನಾನ ಕೊಟ್ಬಿಡಿ," ಎಂದಳು. ಸಾಯುವ ಕೂಸಿಗೆ ಚರ್ಚಿನ ಗುರುಗಳೇ ಬಂದು ಕೊಡಬೇಕೆಂದಿಲ್ಲ. ಯಾರಾದರೂ ಸರಿ, ಮೂರು ಸಲ ತಲೆಗೆ ನೀರು ಹೊಯ್ದು ಪಿತ, ಸುತ, ಪವಿತ್ರಾತ್ಮರ ಹೆಸರು ಹೇಳಿದರಾಯಿತು. ಆದರೆ ಜೀವ ಇರಬೇಕು. ಹೋದ ಮೇಲೆ ಹೊಯ್ದದ್ದು ಬರೀ ನೀರು.

ಡಾಕ್ಟರು ಉಳಿಯುವುದಿಲ್ಲವೆಂದು ತಲೆಯಾಡಿಸಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಮೇಜಿನ ಮೇಲಿಟ್ಟರು. ಅಂಗೈಯಗಲದ ಎದೆ, ಇನ್ನೂ ಏರಿಳಿಯುತ್ತಿತ್ತು. ನರ್ಸಮ್ಮ ನಲ್ಲಿಯಿಂದ ಬಟ್ಟಲಿಗೆ ನೀರು ಹಿಡಿದಳು. ಕೈ ಕೊರೆಯುವಷ್ಟು ತಣ್ಣಗಿತ್ತು. ಇಷ್ಟು ಪುಟ್ಟ ತಲೆಗೆ ಇಂಥ ನೀರೇ? ಫ್ಲಾಸ್ಕಿನಿಂದ ಬಿಸಿನೀರು ಬೆರೆಸಿ ಮಣಿಕಟ್ಟಿನ ಮೇಲೆ ಹನಿಸಿ ನೋಡಿದಳು. ಬಿಸಿ ಹೆಚ್ಚಾಗಿತ್ತು. ಮತ್ತಿಷ್ಟು ತಣ್ಣೀರು ಬೆರೆಸಿ ಮತ್ತೆ ಹನಿಸಿ ನೋಡಿದಳು. ಹದವಾಯಿತು ಎಂದು ತಿರುಗಿದರೆ, ಎದೆ ನಿಂತಿತ್ತು. ಹೊಯ್ದಳು, ಮೂರು ಸಲವೂ ಹೊಯ್ದಳು. ಯಾರಿಗೆ ಹೊಯ್ದೆ ಎಂದು ಅವಳಿಗೇ ಗೊತ್ತಾಗಲಿಲ್ಲ.

ಶನಿವಾರ ಸಂಜೆ ಚರ್ಚಿನಲ್ಲಿ ಪಾಪನಿವೇದನೆಗೆ ಮೊಣಕಾಲೂರಿದಳು. ಪ್ರತಿ ವಾರ ಅದೇ ಹಳೇ ಪಟ್ಟಿ: ಅತ್ತಿಗೆ ಮೇಲೆ ರೇಗಿದೆ, ಜಪಸರ ಹಿಡಿದು ತೂಕಡಿಸಿದೆ. ಜಾಲರಿಯ ಆಚೆ ಫಾದರ್ ಆಕಳಿಕೆ ನುಂಗಿಕೊಂಡು ಕೇಳುತ್ತಿದ್ದರು. ಈ ಸಲ ಆಕಳಿಸಲಿಲ್ಲ. ಬೆರೆಸಿದ ನೀರಿನಿಂದ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡರು.

"ಜ್ಞಾನಸ್ನಾನ ಆಗದ ಕೂಸನ್ನ ದೇವರು ಬಾಗಿಲಲ್ಲೇ ನಿಲ್ಲಿಸ್ತಾನೇನಮ್ಮಾ? ಅವನ ಕರುಣೆ ಅಷ್ಟು ಚಿಕ್ಕದಾ? ನಿಜ ಹೇಳಿ, ಜೊತೆಗೆ ಇದನ್ನೂ ಹೇಳ್ಬಹುದಿತ್ತು."

"ಹಸಿ ಬಾಣಂತಿ ಫಾದರ್. ಅವಳಿಗೆ ಆಗ ಬೇಕಿದ್ದಿದ್ದು ಒಂದೇ ಒಂದು ಹೌದು. ನಾಳೆ ಕೇಳಿದ್ರೂ ಅದನ್ನೇ ಹೇಳ್ತೀನಿ."

"ಅಂದ್ರೆ ಪಶ್ಚಾತ್ತಾಪ ಇಲ್ಲ."

"ನೀರು ಬೆರೆಸಿದ್ದಕ್ಕೆ ಇದೆ. ಸುಳ್ಳಿಗೆ ಇಲ್ಲ."

ಫಾದರ್ ಜಾಲರಿಯ ಹತ್ತಿರಕ್ಕೆ ಬಾಗಿದರು. ಆಮೇಲೆ ಮೆಲ್ಲಗೆ ಕೇಳಿದರು: "ಆ ಸುಳ್ಳು ಹೇಳಿದ್ದು ಅವಳಿಗೋಸ್ಕರಾನಾ, ನಿಮಗೋಸ್ಕರಾನಾ?"

ನರ್ಸಮ್ಮ ಕೊರಳಿನ ಶಿಲುಬೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. "ಯೋಚ್ನೆ ಮಾಡ್ಕೊಂಡು ಬನ್ನಿ. ನಾನೆಲ್ಲಿಗೂ ಹೋಗಲ್ಲ," ಎಂದರು ಫಾದರ್. ಕ್ಷಮೆ ಪಡೆಯದೆ, ಮೊಣಕಾಲು ನೀವಿಕೊಂಡು ಎದ್ದಳು.

ಪಾಪಕ್ಷಮೆ ಇಲ್ಲದೆ ಪರಮಪ್ರಸಾದ ಸ್ವೀಕರಿಸುವಂತಿಲ್ಲ. ಮೂರು ಭಾನುವಾರ ಅದಕ್ಕೆ ಎಲ್ಲರೂ ಸಾಲು ನಿಂತಾಗ ಅವಳೊಬ್ಬಳು ಬೆಂಚಿನಲ್ಲೇ ಉಳಿದಳು. ಹಾದುಹೋಗುವವರಿಗೆ ಕಾಲು ಮಡಚಿ ದಾರಿ ಬಿಡುವುದು ಹಿಂಸೆಯಾಗುತ್ತಿತ್ತು. ಹಸಿವು ಅಂದರೆ ಏನೆಂದು ಆ ವಯಸ್ಸಿನಲ್ಲಿ ಹೊಸದಾಗಿ ಕಲಿತಳು. ನಾಲ್ಕನೆಯ ಭಾನುವಾರ ಆ ಸಾಲಿನಲ್ಲಿ ಬಾಣಂತಿಯೂ ಇದ್ದಳು. ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಿಧಾನವಾಗಿ ನಡೆದು ಹೋಗಿ, ಸ್ವೀಕರಿಸಿ ಬಂದಳು. ಪೂಜೆ ಮುಗಿದು ಜನ ಹೊರಟ ಮೇಲೆ ನರ್ಸಮ್ಮನ ಪಕ್ಕದಲ್ಲಿ ಬಂದು ಕೂತಳು.

"ನೀವು ಹೋಗ್ಲಿಲ್ವಾ ಸಿಸ್ಟರ್?"

"ಪ್ರಸಾದಕ್ಕೆ ಬರೀ ಹೊಟ್ಟೇಲಿ ಬರ್ಬೇಕಲ್ಲ, ಬರೋವಾಗ ಮರೆತು ಕಾಫಿ ಕುಡ್ದುಬಿಟ್ಟೆ."

ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಕಾವಲು ನಿಂತಿತು. ಇನ್ನು ತಡೆಯಲಾರೆ, ಹೇಳಿಯೇಬಿಡುತ್ತೇನೆ, ಇವಳು ಶಪಿಸಿದರೆ ಶಪಿಸಲಿ ಎಂದು ನರ್ಸಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅಷ್ಟರಲ್ಲಿ ಆಕೆಯೇ ಮಾತು ತೆಗೆದಳು.

"ಒಂದು ಕೇಳ್ಬೇಕಿತ್ತು. ಮಲಗಿದ್ರೆ ಅದೇ ಯೋಚ್ನೆ. ಆ ನೀರು ತುಂಬ ತಣ್ಣಗಿತ್ತಾ? ಕೂಸು ಬೆಚ್ಚಿಬಿತ್ತಾ?"

ನರ್ಸಮ್ಮ ಆ ಮುಖವನ್ನೇ ನೋಡಿದಳು.

"ಇಲ್ಲಮ್ಮ. ಬೆಚ್ಚಗಿತ್ತು. ಬಿಸಿನೀರು ಬೆರೆಸಿ, ಕೈ ಮೇಲೆ ಹಾಕ್ಕೊಂಡು ನೋಡಿದ್ದೆ." ಅವಳಿಗೆ ಹೇಳಿದ್ದರಲ್ಲಿ ಇದೊಂದೇ ನಿಜ.

"ಹೆತ್ತವಳು ನಾನಾದ್ರೂ ಆ ಹೊತ್ನಲ್ಲಿ ನನಗೆ ಅದು ಹೊಳೀತಿರ್ಲಿಲ್ಲ ಸಿಸ್ಟರ್," ಎಂದು ಆಕೆ ನರ್ಸಮ್ಮನ ಕೈಯೆಳೆದು ಕಣ್ಣಿಗೊತ್ತಿಕೊಂಡಳು. ಮಣಿಕಟ್ಟಿನ ಮೇಲೆ ಬಿದ್ದ ಹನಿ ಅವತ್ತಿನ ನೀರಿನಷ್ಟೇ ಬೆಚ್ಚಗಿತ್ತು.