ಬಾಯಿ ಬಿಡದವರೇ ನಮ್ಮವರು

ಆರು ಮಂದಿ ಕಣದಲ್ಲಿದ್ದ ವಿಧಾನಸಭಾ ಚುನಾವಣೆಯ ಸಮೀಕ್ಷೆ ಟೀವಿಯಲ್ಲಿ ಬಂದಾಗ, ಅಭ್ಯರ್ಥಿ ಗುರುಶಾಂತಪ್ಪ ತಿನ್ನುತ್ತಿದ್ದ ಮಂಡಕ್ಕಿಯನ್ನು ಪಕ್ಕಕ್ಕೆ ತಳ್ಳಿದ. ಅವನ ಪರ ನೂರಕ್ಕೆ ಒಂಬತ್ತು ಮಂದಿ. ಯಾರಿಗೆಂದು ಬಾಯಿ ಬಿಡದವರು ನೂರಕ್ಕೆ ಮೂವತ್ತು.

"ಠೇವಣಿನೂ ಹೋಯ್ತಲ್ಲೋ ಭರಮಣ್ಣ! ನಿನ್ನೆ ಹಳೇಪೇಟೆಲಿ ಅಷ್ಟು ಜನ ಕೈ ಮುಗಿದ್ರಲ್ಲ, ಅವ್ರೆಲ್ಲ ಎಲ್ಲಿ ಹೋದ್ರು?"

ಅವನ ಪ್ರಚಾರ ನೋಡಿಕೊಳ್ಳುತ್ತಿದ್ದ, ಚುನಾವಣೆಗಳನ್ನು ಅರೆದು ಕುಡಿದಿದ್ದ ಭರಮಣ್ಣ ನಿಶ್ಚಿಂತೆಯಿಂದ ಮೆಣಸಿನಕಾಯಿ ಬಜ್ಜಿ ಮುರಿದ.

"ಸಮೀಕ್ಷೆ ಓದೋಕೆ ಬರಬೇಕಣ್ಣ. ಕೈ ಮುಗಿದು, 'ನಮ್ಮನೆ ಅಷ್ಟೂ ವೋಟು ನಿಮಗೇ' ಅಂತಾರಲ್ಲ, ಅವ್ರನ್ನ ಮಾತ್ರ ನಂಬಬೇಡಿ. ಬಾಗಿಲಿಗೆ ಬಂದ ಆರೂ ಮಂದಿಗೆ ಅದನ್ನೇ ಹೇಳಿರ್ತಾರೆ. ಬಾಯಿ ಬಿಡದೇ ಇರೋರು ಇದಾರಲ್ಲ, ಅವ್ರು ನಮ್ಮೋರು."

"ಮೂವತ್ತಕ್ಕೆ ಮೂವತ್ತೂ?"

"ಮೂವತ್ತಕ್ಕೆ ಮೂವತ್ತೂ. ಆ ಒಂಬತ್ತನ್ನ ಮರೆತುಬಿಡಿ."

ಗುರುಶಾಂತಪ್ಪನಿಗೆ ಹೋದ ಜೀವ ಬಂದಂತಾಯಿತು. ಮೂವತ್ತೆಂದರೆ ಆರು ಜನರ ಪೈಪೋಟಿಯಲ್ಲಿ ಗೆದ್ದಂತೆಯೇ. ಹೊಸ ಶಲ್ಯ ಹೊದ್ದು ಪ್ರಚಾರಕ್ಕೆ ಹೊರಟವನಿಗೆ ಹೆಂಡತಿ ಹಾಲಮ್ಮ ಹೊಸ್ತಿಲಲ್ಲಿ ಆರತಿ ಎತ್ತಿ ಹಣೆಗೆ ಕುಂಕುಮ ಇಟ್ಟಳು. ಅವನಿಗೆ ಹುಮ್ಮಸ್ಸು ತಡೆಯಲಾಗಲಿಲ್ಲ.

"ಏನೇ, ನಿನ್ನ ವೋಟು ಯಾರಿಗೆ?"

ಹಾಲಮ್ಮ ತಟ್ಟೆ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ನಗುನಗುತ್ತಾ ಕೈ ಮುಗಿದಳು.

"ಅದನ್ನೂ ಕೇಳ್ಬೇಕೇನ್ರೀ? ನಮ್ಮನೆ ಅಷ್ಟೂ ವೋಟು ನಿಮಗೇ!"