ಮಗ್ಗ ನಿಂತ ದಿನದ ನಿಬಂಧ

ಮಗ್ಗದ ಲಾಳಿಯಲ್ಲಿಡುವ ಕಂಡಿಕಿಗೆ, ಅಂದು ಬೆಳಗಿನಿಂದ ನಾಲ್ಕನೆಯದಕ್ಕೆ, ನೂಲು ಸುತ್ತುತ್ತಿದ್ದ ಮಂಜವ್ವನ ರಾಟಿಯನ್ನು ಮಗಳು ದುರಗವ್ವ ಕೈಯಿಟ್ಟು ನಿಲ್ಲಿಸಿದಳು.

"ಅವ್ವಾ, ನನ್ನ ನಿಬಂಧಕ್ಕ ಶ್ರೀಪಾದ ಮಾಸ್ತರ ಅಡ್ಡಗೆರಿ ಎಳದು ಕಾಟ ಹಾಕ್ಯಾರ."

ಮರುದಿನವೇ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ. ನಪಾಸಾದರೆ ಶಾಲೆ ಬಿಡಿಸಿ ಇದೇ ರಾಟಿಯ ಮುಂದೆ ಕೂರಿಸುವುದೆಂದು ಅಪ್ಪ ಹೇಮಪ್ಪ ಹೇಳಿಯಾಗಿತ್ತು.

"ಯಾಕ, ತಪ್ಪು ಬರದಿಯೇನ?"

"ಒಂದೂ ತಪ್ಪಿಲ್ಲ. ಹೋದ ವರ್ಷ ಪಾಸಾದ ಜಾನಕೀಬಾಯಿ ವಹಿ ತಂದು, ಪರೀಕ್ಷೆಗೆ ಕೂಡೊ ನಾವು ಏಳೂ ಮಂದಿ ಬಾಯಿಪಾಠ ಮಾಡಿ ಬರದಿದ್ವಿ. 'ಏಳು ಮಂದೀನೂ ಒಂದ ಕಣ್ಣಿಂದ ನೋಡೀರೇನು?' ಅಂತ ಬೈದರು."

ಮಂಜವ್ವನಿಗೆ ಅಕ್ಷರ ಬಾರದು. ಮಗಳ ಕಣ್ಣಲ್ಲಿ ನೀರು ಕಂಡು, "ಓದು, ಕೇಳೂಣು" ಎಂದಳು.

"ನಾನು ಕಂಡ ಸ್ವಾತಂತ್ರ್ಯ ದಿನ. ಅಂದು ಪ್ರಾತಃಕಾಲ ಹಕ್ಕಿಗಳ ಇಂಪಾದ ನಾದದಿಂದ ನನಗೆ ಎಚ್ಚರವಾಯಿತು..."

"ಏ ಹುಡುಗಿ, ಇಪ್ಪತ್ತು ಮಗ್ಗ ಸಪ್ಪಳ ಮಾಡೊ ಓಣ್ಯಾಗ ನಿನಗ ಹಕ್ಕಿ ಎಲ್ಲಿ ಕೇಳಿಸ್ತು?"

ದುರಗವ್ವನಿಗೆ ನಗು ಬಂತು. ನಗುತ್ತಲೇ ಏನೋ ನೆನಪಾಯಿತು. "ಅವತ್ತು ಮಗ್ಗದ ಸಪ್ಪಳನ ಇರಲಿಲ್ಲವ್ವಾ. ಅದಕ್ಕ ನನಗ ಎಚ್ಚರಾತು. ಯಾರೋ ತೀರಿಕೊಂಡಾರ ಅಂತ ಅಂಜಿ ಕೌದಿ ಮುಸುಕು ಹಾಕ್ಕೊಂಡಿದ್ದೆ."

ಯಾರಾದರೂ ಸತ್ತ ದಿನವಷ್ಟೇ ಬೆಟಗೇರಿಯ ಆ ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುತ್ತಿದ್ದವು. ಆಗ, ನಲವತ್ತೇಳರಲ್ಲಿ, ದುರಗವ್ವನಿಗೆ ಏಳು ವರ್ಷ. ಬೇರೆ ಕಾರಣಕ್ಕೂ ಮಗ್ಗ ನಿಲ್ಲಬಹುದೆಂದು ಅವಳಿಗೆ ಹೇಗೆ ತಿಳಿಯಬೇಕು?

"ಇದನ್ನ ಯಾಕ ಬರದಿಲ್ಲ?"

"ಇಂಥಾದ್ದೆಲ್ಲ ನಿಬಂಧದಾಗ ಬರೀತಾರೇನು?"

"ನನಗೇನ ಗೊತ್ತವಾ, ನಾ ಸಾಲಿ ಕಲತಾಕಿ ಅಲ್ಲ. ಆದ್ರ ಮುಂದ ಏನಾತು ಅಂತ ಕೇಳಬೇಕನಸಾಕತ್ತೈತಿ. ಆಮ್ಯಾಲೆ?"

ದುರಗವ್ವ ನೆಲದ ಮೇಲೆ ಬೋರಲು ಮಲಗಿ ಹೊಸ ಹಾಳೆ ತೆರೆದಳು. ಬರೆಯುತ್ತ ಹೇಳಿದಳು, ಹೇಳುತ್ತ ಬರೆದಳು. ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಧ್ವಜ ಏರಿಸುವಲ್ಲಿಗೆ ಹೋದದ್ದು. ಓಣಿಯ ಮಾಶಾಕ ಬಡಿದ ಹಲಗೆಯ ಸದ್ದಿಗೆ ಎದೆ ನಡುಗಿದ್ದು. ಪಕ್ಕದ ಮನೆಯ ದಿಲಶಾದಬಿ ಎಲ್ಲರ ಕೈಗೂ ಬೆಲ್ಲದ ಚೂರು ಇಟ್ಟದ್ದು. ಮಂಜವ್ವ ನಡುನಡುವೆ "ಆಮ್ಯಾಲೆ?" ಎನ್ನುತ್ತಿದ್ದಳು. ರಾಟಿ ನಿಂತದ್ದು ಅವಳಿಗೂ ಮರೆತುಹೋಗಿತ್ತು.

"ಜಂಡಾ ಏರಿದ ಕೂಡಲೆ ಬೀರಲಿಂಗಪ್ಪ ಕಾಕಾ ಜೈ ಅನ್ನಾಕ ಬಾಯಿ ತೆರದ. ಬಾಯಾಗಿನ ಎಲಿ-ಅಡಿಕಿ ಎಲ್ಲಾ ಅಪ್ಪನ ಹೊಸ ಧೋತರದ ಮ್ಯಾಲೆ!"

"ಏನಂದಿ?" ಮಂಜವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. "ಅದು ಗುಲಾಲ ಅಂತ ಹೇಳಿದ್ರಲ್ಲ ನಿಮ್ಮಪ್ಪ! ಮೂರು ಸಲ ಕುದಿಸಿ ತೊಳದೀನಿ ನಾ!"

ದುರಗವ್ವನೂ ನಕ್ಕಳು. ಆದರೆ ಅವಳ ಪೆನ್ಸಿಲು ಮುಂದೆ ಸಾಗಲಿಲ್ಲ. ಬರೆದದ್ದನ್ನು ಮೊದಲಿನಿಂದ ಬೆರಳಿಟ್ಟು ಓದಿದಳು. ಒಂದೊಂದೇ ಹೆಸರು ದಾಟುತ್ತ ಬಂದ ಬೆರಳು ಹಾಳೆಯ ಕೊನೆಗೆ ಬಂದು ನಿಂತಿತು.

ಒಳಗಿನ ಮಗ್ಗದಿಂದ ಹೇಮಪ್ಪನ ಕೂಗು ಬಂತು: "ಕಂಡಿಕಿ ಎಲ್ಲಿ? ಎಷ್ಟೊತ್ತು?"

"ತರ್ತೀನಿ, ತಡೀರಿ" ಎಂದು ಮಂಜವ್ವ ಏಳಹೊರಟಳು. ಮಗಳು ಅವಳ ಸೀರೆಯ ಚುಂಗು ಹಿಡಿದಳು.

"ಅವ್ವಾ, ಇಡೀ ಓಣಿನ ಅಲ್ಲಿತ್ತು. ನೀ ಎಲ್ಲಿದ್ದಿ?"