ಕೆಂಪು ಪೆನ್ಸಿಲು

ಸರ್ಟಿಫಿಕೇಟು ಬಂದ ದಿನವೇ ನಿಜಗುಣಪ್ಪ ಅದಕ್ಕೆ ಕಟ್ಟು ಹಾಕಿಸಿ, ಗೋಡೆಗೆ ಮೊಳೆ ಹೊಡೆದು, ಅರ್ಧ ಬೈಲಹೊಂಗಲವನ್ನು ಕರೆದು ತೋರಿಸಿದ. ಯಾಕೆ ತೋರಿಸಬಾರದು? ವೀರಪ್ಪನ ಅಂಗಡಿಯಲ್ಲಿ ಮಾರುವ ಎಣ್ಣೆ ಎಂಜಿನ್ನುಗಳನ್ನು ನಡೆಸುವುದು ಹೇಗೆಂದು ರೈತರಿಗೆ ಕನ್ನಡದಲ್ಲಿ ಚೀಟಿ ಬರೆದುಕೊಡುವುದು ಅವನ ಎಂಟು ವರ್ಷದ ಕಸುಬು. ಎಪ್ಪತ್ತಾರನೆಯ ಇಸವಿಯಲ್ಲಿ ಎಂಜಿನ್ ಕಂಪನಿಯವರು, ಸರ್ಟಿಫಿಕೇಟು ಇಲ್ಲದವರು ಬರೆದದ್ದನ್ನು ಅಚ್ಚು ಹಾಕಿಸುವುದಿಲ್ಲವೆಂದು ಪಟ್ಟು ಹಿಡಿದರು. ಪಾಪ, ಆರು ತಿಂಗಳು ಅಂಚೆಯಲ್ಲಿ ಪಾಠ ತರಿಸಿ ಓದಿ ಪಾಸಾಗಿದ್ದ.

ಹೊಸ ಎಂಜಿನ್ನಿನ ಚೀಟಿಯನ್ನು ಎಂದಿನಂತೆ ಹೆಂಡತಿ ಗುರವ್ವನ ಮುಂದೆ ಓದಿದ. ಅದು ಆ ಮನೆಯ ಪದ್ಧತಿ. ಎಂಜಿನ್ನನ್ನು ಮುಟ್ಟಿಯೂ ನೋಡದ ಅವಳು “ಹಂಗಂದ್ರ?” ಎಂದ ಕಡೆಯಲ್ಲೆಲ್ಲ ಅವನು ಕೆಂಪು ಪೆನ್ಸಿಲಿನಿಂದ ಗೀಟು ಹೊಡೆದು ಬೇರೆ ಬರೆಯುತ್ತಿದ್ದ.

“ಚಾಲನಾಪೂರ್ವ ಶೀತಲೀಕರಣಾರ್ಥ ಜಲಪೂರಣ ಅವಶ್ಯ.”

“ಹಂಗಂದ್ರ?”

“ಚಾಲೂ ಮಾಡೂಕಿಂತ ಮೊದಲ ಎಂಜಿನ್ನಿಗೆ ನೀರ ಹಾಕ್ರಿ ಅಂತ.”

“ಮತ್ತ ಹಂಗ ಬರೀರೆಲಾ.”

“ಏ ಹುಚ್ಚಿ, ಹಂಗ ಸರ್ಟಿಫಿಕೇಟ್ ಇಲ್ಲದವನೂ ಬರೀತಾನ!”

ಮೊದಲ ಸಲ ಪೆನ್ಸಿಲು ಗೋಡೆಯ ಗೂಡಿನಲ್ಲೇ ಉಳಿಯಿತು. ಚೀಟಿ ಅಚ್ಚಾಯಿತು.

ಎಂಟೇ ದಿನಕ್ಕೆ ಚಚಡಿ ಊರಿನ ರೈತ ದುಂಡಪ್ಪ ತನ್ನ ಹೊಸ ಎಂಜಿನ್ನನ್ನು ಚಕ್ಕಡಿಯಲ್ಲಿ ಹೇರಿಕೊಂಡು ಅಂಗಡಿಗೆ ಬಂದ. ಕಾದು ಜಾಮ್ ಆಗಿತ್ತು.

“ನೀರ ಹಾಕಿರಲಿಲ್ಲೇನ?” ವೀರಪ್ಪ ಕೇಳಿದ.

“ನೀರ ಹಾಕು ಅಂತ ಎಲ್ಲಿ ಬರದೈತ್ರಿ?”

ಅಲ್ಲೇ ಇದ್ದ ನಿಜಗುಣಪ್ಪ ಚೀಟಿಯ ಮೊದಲ ಸಾಲಿನ ಮೇಲೆ ಬೆರಳಿಟ್ಟ.

“ಅಯ್ಯ ಶಿವನ! ಅದು ಪೂಜಾ ಮಂತ್ರ ಅಲ್ಲೇನ್ರಿ? ಐದು ಸಲ ಅಂದು, ಕಾಯಿ ಒಡದು, ಕಾಯಿ ನೀರ ಮ್ಯಾಲ ಚಿಮಕಿಸಿ ಚಾಲೂ ಮಾಡೇನಿ!”

ಅಂಗಡಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ವೀರಪ್ಪ ನಗಲಿಲ್ಲ.

“ಮಾಸ್ತರ, ಸರ್ಟಿಫಿಕೇಟ್ ಕಂಪನಿಗಿ ಬೇಕು. ನನಗ ಎಂಜಿನ್ ತಿರಗಬೇಕು. ನಾಳಿ ಮುಂಜಾನಿ ಬ್ಯಾರೆ ಚೀಟಿ ತರ್ರಿ. ಅದೂ ಹಿಂಗಾದ್ರ ನಿಮಗ ದೂರಿಂದ ಶರಣು.”

ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದವನು ಚೀಟಿ ಹಿಡಿದು ಗುರವ್ವನ ಮುಂದೆ ಕುಳಿತ. ಅವಳು ಗೋಡೆಯ ಮೇಲಿನ ಸರ್ಟಿಫಿಕೇಟಿನತ್ತ ಕೈ ಮಾಡಿದಳು.

“ಮೊದಲ ಅದನ್ನ ಓದ್ರಿ.”

“ತಾಂತ್ರಿಕ ಲೇಖನದಲ್ಲಿ ಅರ್ಥಸೌಲಭ್ಯ ಸಾಧಿಸಿರುವರೆಂದು ಪ್ರಮಾಣೀಕರಿಸಲಾಗಿದೆ.”

“ಹಂಗಂದ್ರ?”

ನಿಜಗುಣಪ್ಪ ಕೈಯಲ್ಲಿದ್ದ ಚೀಟಿಯನ್ನು ಮಡಚಿದ.

“ಎಲ್ಲಾರಿಗೂ ತಿಳಿಯೂ ಹಂಗ ಬರೀತಾನ... ಅಂತ.”

ಗುರವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡು, ಗೂಡಿನಿಂದ ಕೆಂಪು ಪೆನ್ಸಿಲು ತೆಗೆದು ಅವನ ಕೈಗಿಟ್ಟಳು.